ಜಗಮಗ ಕೀಬೋರ್ಡು

ಗೇಮಿಂಗ್ ಕೀಬೋರ್ಡ್ ತಗೊಳ್ಳೋರು ಮೊದಲು ನೋಡೋದು ಲೈಟು. ಮೇಲುಕೋಟೆ ವೈರಮುಡಿಯ ಸೀರಿಯಲ್ ಸೆಟ್ಟಿನ ಥರ ಕೆಂಪು, ಹಸಿರು, ನೀಲಿ ಓಡಾಡುತ್ತಿರುತ್ತವೆ. ಅಸಲಿ ಗುಣ ಇರೋದು ಅದರ ಕೆಳಗೆ. ಮೆಕ್ಯಾನಿಕಲ್ ಆದರೆ ಪ್ರತಿ ಕೀಲಿಗೂ ಬೇರೆ ಸ್ಪ್ರಿಂಗು, ಬೇರೆ ಸ್ವಿಚ್ಚು. ಒಳ್ಳೆಯದಾದರೆ ನಾಲ್ಕೈದು ಕೀಲಿ ಒಟ್ಟಿಗೆ ಒತ್ತಿದರೂ ಒಂದೂ ತಪ್ಪಲ್ಲ.

ನಾನು ಗೇಮ್ ಆಡೋದು ಕಮ್ಮಿ. ಕೋಡು, ಕನ್ನಡ ಎರಡನ್ನೂ ಕುಟ್ಟೋದು ಇದರಲ್ಲೇ. ಪಾಂಡವಪುರದ ಕಡೆ ನಮ್ಮೂರಲ್ಲಿ ರಾತ್ರಿ ಕರೆಂಟ್ ಹೋದರೂ ಕೀಲಿ ಕಾಣುತ್ತೆ, ನಿಜ. ಆದರೆ ಆ ಬೆಳಕು ತಿನ್ನೋದು ಲ್ಯಾಪ್‌ಟಾಪ್ ಬ್ಯಾಟರಿಯನ್ನೇ. ಇನ್ನು ನೀಲಿ ಸ್ವಿಚ್ಚಿನ ಟಕಟಕ! "ಇನ್ನೂ ಏನ್ಲಾ ಕುಟ್ತಿದ್ದೀಯ, ಮಲಿಕೊ" ಅಂತ ಅವ್ವ ಬೈಯೋದು ಗ್ಯಾರಂಟಿ. ಮನೇಲಿ ಜನ ಇದ್ದರೆ ಕೆಂಪು ಸ್ವಿಚ್ಚಿಂದು ತಗೊಳ್ಳಿ.

ನನ್ನ ದೊಡ್ಡ ತಕರಾರು ಬೇರೆ. ಗೇಮ್ ಆಡೋರ ಡಬ್ಲ್ಯು, ಎ, ಎಸ್, ಡಿ ಕೀಲಿಗಳು ಕೆ.ಪಿ. ರಾವ್ ವಿನ್ಯಾಸದಲ್ಲಿ ಡ, ಅ, ಸ, ದ. ಒತ್ತಕ್ಷರ ಬೇಕಾದರೆ ನಡುವೆ ಎಫ್. ಇಷ್ಟೊಂದು ಮಿಂಚೋ ಬೋರ್ಡಲ್ಲಿ ಈ ಅಕ್ಷರಗಳು ಮಾತ್ರ ಇಲ್ಲ. ಸ್ಟಿಕರ್ ಅಂಟಿಸೋಣ ಅಂದರೆ, ಬೆಳಕು ಬರೋದೇ ಇಂಗ್ಲಿಷ್ ಅಕ್ಷರದ ಕಿಂಡಿಯಿಂದ, ಅದೂ ಮುಚ್ಚಿಹೋಗುತ್ತೆ. ಸದ್ಯಕ್ಕೆ ಎಫ್ ಒಂದಕ್ಕೇ ಕೆಂಪು ಬಣ್ಣ ಕೊಟ್ಟು, ಮಿಕ್ಕಿದ್ದನ್ನೆಲ್ಲ ಆರಿಸಿಟ್ಟಿದ್ದೀನಿ.