ಚೌಕಕ್ಕೆ ಸಿಗದ ಸ್ವರ

ಶಾಲೆಯ ಕಂಪ್ಯೂಟರು ಲೆಕ್ಕ ಮಾಡುವ, ಪಾಠ ತೋರಿಸುವ ಯಂತ್ರವಾಗಿ ಮಾತ್ರ ಉಳಿದಿಲ್ಲ. ಜಗತ್ತಿನ ಹಲವು ತರಗತಿಗಳಲ್ಲಿ ಮಕ್ಕಳು ಅದರಲ್ಲಿ ಹಾಡು ಕಟ್ಟುತ್ತಿದ್ದಾರೆ. ಆಪಲ್ ಕಂಪನಿಯ ಗ್ಯಾರೇಜ್‌ಬ್ಯಾಂಡ್ ಬಂದದ್ದು 2004ರಲ್ಲಿ. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆ ಮಕ್ಕಳಿಗೆಂದು ರೂಪಿಸಿದ ಸ್ಕ್ರ್ಯಾಚ್ 2007ರಲ್ಲಿ ಸಾರ್ವಜನಿಕರಿಗೆ ಸಿಕ್ಕಿತು. ಗೂಗಲ್ 2016ರಲ್ಲಿ ಕ್ರೋಮ್ ಮ್ಯೂಸಿಕ್ ಲ್ಯಾಬ್ ತೆರೆದು, 2018ರಲ್ಲಿ ಅದಕ್ಕೆ ಸಾಂಗ್ ಮೇಕರ್ ಎಂಬ ಸಲಕರಣೆಯನ್ನು ಸೇರಿಸಿತು. ಸಂಗೀತ ಕಲಿಯದ ಮಗುವೂ ಸಂಗೀತ ರಚಿಸಬಲ್ಲದು ಎಂಬುದು ಇವೆಲ್ಲವೂ ಕೊಡುವ ಆಶ್ವಾಸನೆ. ಈ ಆಶ್ವಾಸನೆಯಲ್ಲಿ ನಿಜವೆಷ್ಟು, ಮರೆವು ಎಷ್ಟು ಎಂಬುದನ್ನು ನಾವು ನಮ್ಮ ನೆಲದಲ್ಲಿ ನಿಂತು ಪರೀಕ್ಷಿಸಬೇಕಾಗಿದೆ.

ಮೊದಲು ನಿಜದ ಮಾತು. ನಮ್ಮ ಶಾಲೆಗಳಲ್ಲಿ ಸಂಗೀತವೆಂದರೆ ಬಹುಮಟ್ಟಿಗೆ ಪ್ರಾರ್ಥನೆ, ನಾಡಗೀತೆ ಮತ್ತು ವಾರ್ಷಿಕೋತ್ಸವ. ಮನೆಯಲ್ಲಿ ಪಾಠ ಹೇಳಿಸಿಕೊಂಡ ನಾಲ್ಕಾರು ಮಕ್ಕಳು ವೇದಿಕೆ ಹತ್ತುತ್ತಾರೆ. ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಯಾವ ಮನೆಯ ಮಗುವಿಗೆ ಸಂಗೀತ ಪಾಠ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದರ ಹಿಂದೆ ಜಾತಿಯೂ ಇದೆ, ಹಣವೂ ಇದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲಾ ಶಿಕ್ಷಣ ಎಲ್ಲರಿಗೂ ಬೇಕೆಂದಿತು. ಕಾಗದದ ಮಾತು ಬಹಳಷ್ಟು ಕಾಗದದಲ್ಲೇ ಉಳಿಯಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಹಾಡನ್ನು ತರಗತಿಯೊಳಕ್ಕೆ ತಂದಿತು, ಅದು ದೊಡ್ಡ ಸಂಗತಿ. ಆದರೆ ಅಲ್ಲಿಯೂ ಹಾಡು ಬಹುಪಾಲು ಕಲಿಕೆಯ ವಾಹನವಾಯಿತು. ಮಗು ತಾನೇ ಒಂದು ರಾಗ ಕಟ್ಟಬೇಕೆಂಬ ಅಪೇಕ್ಷೆ ನಮ್ಮ ಶಿಕ್ಷಣದಲ್ಲಿ ಎಂದೂ ಗಟ್ಟಿಯಾಗಿ ಇರಲಿಲ್ಲ.

ಸಾಂಗ್ ಮೇಕರ್ ಈ ಕೊರತೆಗೆ ಸರಳವಾದ ಉತ್ತರ ಕೊಡುತ್ತದೆ. ತೆರೆಯ ಮೇಲೆ ಚೌಕಗಳ ಜಾಲ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ವರ. ಚೌಕ ಮುಟ್ಟಿದರೆ ಬಣ್ಣ ತುಂಬುತ್ತದೆ, ಗುಂಡಿ ಒತ್ತಿದರೆ ತುಂಬಿದ ಚೌಕಗಳು ನುಡಿಯುತ್ತವೆ. ಕೆಳಗಿನ ಸಾಲುಗಳಲ್ಲಿ ತಾಳ. ಹಣ ಕೊಡಬೇಕಿಲ್ಲ, ಹೆಸರು ನೋಂದಾಯಿಸಬೇಕಿಲ್ಲ. ಐದು ಸ್ವರಗಳ ಶ್ರೇಣಿಯನ್ನು ಆರಿಸಿಕೊಂಡರೆ ಎಲ್ಲಿ ಮುಟ್ಟಿದರೂ ಕಿವಿಗೆ ಹಿತವೇ. ತಪ್ಪಿನ ಭಯದಿಂದ ಬಾಯಿ ಮುಚ್ಚಿಕೊಂಡ ಮಗುವಿಗೆ ಇದು ಬಿಡುಗಡೆಯೇ ಸರಿ. ತನ್ನ ಬೆರಳು ಮಾಡಿದ್ದನ್ನು ತನ್ನ ಕಿವಿ ಆ ಕ್ಷಣವೇ ಕೇಳುವ ಅನುಭವವನ್ನು ಹಗುರವಾಗಿ ಕಾಣುವಂತಿಲ್ಲ.

ಪ್ರಶ್ನೆ ಇರುವುದು ಇದರ ಮುಂದೆ. ಸಾಂಗ್ ಮೇಕರ್‌ನಲ್ಲಿ ಮೈಕಿನ ಸೌಲಭ್ಯವೂ ಇದೆ. ಮಗು ಹಾಡಿದ ಸ್ವರವನ್ನು ಅದು ಗುರುತಿಸಿ ಚೌಕದಲ್ಲಿ ಇಡುತ್ತದೆ. ಮಗು ಹಾಡಿದ್ದು ಎರಡು ಚೌಕಗಳ ನಡುವಿನ ಸ್ವರವಾದರೆ? ಹತ್ತಿರದ ಚೌಕಕ್ಕೆ ತಳ್ಳಿಬಿಡುತ್ತದೆ. ಜಾರಿ ಹೋಗುವ ಸ್ವರವಾದರೆ ಆ ಜಾರುವಿಕೆಗೆ ಅಲ್ಲಿ ಜಾಗವೇ ಇಲ್ಲ. ಒಂದು ಸಪ್ತಕವನ್ನು ಹನ್ನೆರಡು ಸಮಭಾಗ ಮಾಡುವ ಯುರೋಪಿನ ಪಿಯಾನೋ ಪದ್ಧತಿ ಇಂಥ ಸಲಕರಣೆಗಳ ತಳಪಾಯ. ಅದೊಂದು ಪದ್ಧತಿ ಎಂದು ಅವು ಹೇಳುವುದಿಲ್ಲ. ಸಂಗೀತವೆಂದರೆ ಇದೇ ಎಂಬಂತೆ ಸುಮ್ಮನೆ ನಮ್ಮ ಮುಂದಿಡುತ್ತವೆ. ಯಜಮಾನಿಕೆ ಕೆಲಸ ಮಾಡುವುದು ಹೆಚ್ಚಾಗಿ ಹೀಗೆಯೇ, ಸದ್ದಿಲ್ಲದೆ.

ಒಂದು ಉದಾಹರಣೆ ನೋಡೋಣ. ಭೂಪ್ ಮತ್ತು ದೇಸ್‌ಕಾರ್ ಹಿಂದೂಸ್ತಾನಿಯ ಎರಡು ರಾಗಗಳು. ಎರಡರಲ್ಲೂ ಇರುವುದು ಅದೇ ಐದು ಸ್ವರಗಳು. ಒಂದರಲ್ಲಿ ಗಾಂಧಾರಕ್ಕೆ ಬಲ, ಇನ್ನೊಂದರಲ್ಲಿ ಧೈವತಕ್ಕೆ. ನಿಲ್ಲುವ ಜಾಗ ಬೇರೆ, ನಡೆಯುವ ದಾರಿ ಬೇರೆ. ಒಂದು ಸಂಜೆಯದು, ಇನ್ನೊಂದು ಬೆಳಗಿನದು. ಸಾಂಗ್ ಮೇಕರ್‌ನ ಐದು ಸ್ವರಗಳ ಶ್ರೇಣಿಯಲ್ಲಿ ಇವೆರಡಕ್ಕೂ ಒಂದೇ ಮುಖ. ಚೌಕಕ್ಕೆ ಸ್ವರ ಗೊತ್ತು, ನಡೆ ಗೊತ್ತಿಲ್ಲ. ನಮ್ಮ ಶಾಸ್ತ್ರೀಯ ಸಂಗೀತ ಮಾತ್ರವಲ್ಲ, ಉತ್ತರ ಕರ್ನಾಟಕದಲ್ಲಿ ಹಿಂದೂ ಮುಸ್ಲಿಮರು ಕೂಡಿ ಹಾಡುವ ಮೊಹರಂ ಪದಗಳು, ಹೆಂಗಸರ ಬೀಸುವ ಪದಗಳು, ಎಲ್ಲದರ ಜೀವ ಇರುವುದು ಈ ನಡೆಯಲ್ಲಿ. ಮನೆಯಲ್ಲಿ ಇಂಥ ಹಾಡು ಕೇಳಿ ಬೆಳೆದ ಮಗುವಿಗೆ ಯಂತ್ರ ಹೇಳುವುದೇನು? ನಿನ್ನ ಅಜ್ಜಿಯ ದನಿ ಸರಿ ಇಲ್ಲ, ಸರಿಪಡಿಸಿದ್ದೇನೆ ಎಂದು. ಸೃಜನಶೀಲತೆಯ ಹೆಸರಿನಲ್ಲಿ ನಡೆಯುವ ಈ ತಿದ್ದುಪಡಿ ನನ್ನ ಆತಂಕದ ಮೂಲ.

ಇಂಥ ಜಗಳ ನಮಗೆ ಹೊಸದಲ್ಲ. ಹಾರ್ಮೋನಿಯಂ ಕೂಡ ಹೊರಗಿನಿಂದ ಬಂದ, ಸ್ವರಗಳನ್ನು ಮೊದಲೇ ಕತ್ತರಿಸಿಟ್ಟ ಪೆಟ್ಟಿಗೆಯೇ. ಮೀಂಡ್ ಅದರಲ್ಲಿ ನುಡಿಯುವುದಿಲ್ಲ ಎಂಬ ಕಾರಣ ಕೊಟ್ಟು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. ನಿಷೇಧ ಸಡಿಲವಾದದ್ದು 1971ರಲ್ಲಿ. ಅದಕ್ಕೂ ಮೊದಲೇ, ಶತಮಾನದ ಎರಡನೆಯ ದಶಕದಲ್ಲಿ, ಸಾಂಗ್ಲಿಯ ದೇವಲ್ ಮತ್ತು ಇಂಗ್ಲಿಷ್ ಅಧಿಕಾರಿ ಕ್ಲೆಮೆಂಟ್ಸ್ ನಮ್ಮ ಶ್ರುತಿಗಳಿಗೆ ಹೊಂದುವ ಹಾರ್ಮೋನಿಯಂ ಕಟ್ಟಲು ಹೊರಟಾಗ ಅವರಿಗೆ ತಮ್ಮ ಕಂಠದ ನೆರವು ಕೊಟ್ಟವರು ಉಸ್ತಾದ್ ಅಬ್ದುಲ್ ಕರೀಂ ಖಾನ್. ಕುಂದಗೋಳದ ಸವಾಯಿ ಗಂಧರ್ವರ ಗುರು ಅವರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಬಂದದ್ದು ಆ ಪರಂಪರೆಯಿಂದ. ಇತ್ತ ಹಳ್ಳಿಗಳಲ್ಲಿ ಯಾವ ನಿಷೇಧಕ್ಕೂ ಕಾಯದೆ ಜನ ಹಾರ್ಮೋನಿಯಮ್ಮನ್ನು ಪೇಟಿ ಎಂದು ಕರೆದು ತಮ್ಮದು ಮಾಡಿಕೊಂಡರು. ಪಾರಿಜಾತದಾಟ, ಕಂಪನಿ ನಾಟಕ, ಭಜನೆ ಎಲ್ಲೆಡೆ ಪೇಟಿ ಮಾಸ್ತರ ಬಂದ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಪೇಟಿ ಹಾಡುಗಾರನ ಪಕ್ಕದಲ್ಲಿ ಕೂತಿತು, ಅವನ ಜಾಗದಲ್ಲಿ ಅಲ್ಲ. ಕಂಠ ಮುಂದೆ, ಪೇಟಿ ಹಿಂದೆ. ಪೆಟ್ಟಿಗೆ ಕೊಡಲಾರದ್ದನ್ನು ಗಂಟಲು ಕೊಡುತ್ತಿತ್ತು. ತರಗತಿಯ ಸಲಕರಣೆಗಳನ್ನು ಬಳಸುವ ಸೂತ್ರವೂ ಇದೇ ಆಗಬೇಕು.

ಯಂತ್ರವೆಂದರೆ ಪಶ್ಚಿಮದ್ದು ಎಂದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಬನೂ ಮೂಸಾ ಸಹೋದರರು ತಾನೇ ನುಡಿಯುವ ವಾದ್ಯವೊಂದನ್ನು ವಿವರಿಸಿ ಗ್ರಂಥ ಬರೆದರು. ನೀರಿನ ಬಲ, ತಿರುಗುವ ಉರುಳೆ, ಉರುಳೆಯ ಮೇಲಿನ ಮೊಳೆಗಳ ಜೋಡಣೆಯಂತೆ ಹೊಮ್ಮುವ ಸ್ವರ. ಮೊಳೆಗಳನ್ನು ಚೌಕಗಳೆಂದುಕೊಂಡರೆ ಸಾಂಗ್ ಮೇಕರ್‌ನ ಪೂರ್ವಜ ಅಲ್ಲಿದ್ದಾನೆ. ಹದಿಮೂರನೆಯ ಶತಮಾನದಲ್ಲಿ ಅದೇ ಬಾಗ್ದಾದಿನ ಸಫಿಯುದ್ದೀನ್ ಉರ್ಮವಿ ಸಪ್ತಕವನ್ನು ಹದಿನೇಳಾಗಿ ವಿಭಾಗಿಸಿದ. ಹನ್ನೆರಡು ಎಂಬುದು ಪ್ರಕೃತಿಯ ನಿಯಮವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಇರಾಕಿ ಮೂಲದ ಸಂಗೀತಗಾರ ಖಯಾಮ್ ಅಲ್ಲಾಮಿ 2021ರಲ್ಲಿ ಲೈಮ್ಮ, ಅಪೊಟೋಮ್ ಎಂಬ ಎರಡು ತಂತ್ರಾಂಶಗಳನ್ನು ಉಚಿತವಾಗಿ ಕೊಟ್ಟದ್ದು ಈ ತಿಳಿವಳಿಕೆಯಿಂದಲೇ. ಮೊದಲನೆಯದರಲ್ಲಿ ಬಳಸುವವನು ತನಗೆ ಬೇಕಾದ ಶ್ರುತಿಗಳನ್ನು ತಾನೇ ಕಟ್ಟಿಕೊಳ್ಳಬಹುದು. ಎರಡನೆಯದು ಅದೇ ಶ್ರುತಿಗಳಲ್ಲಿ ಸಂಗೀತ ಹೆಣೆಯುತ್ತದೆ. ಅರಬ್ ಸಂಗೀತ ನುಡಿಸಹೋದವನಿಗೆ ಯಂತ್ರ ಅಡ್ಡಿಯಾದಾಗ ಅವನು ಯಂತ್ರವನ್ನು ಬೈದು ಸುಮ್ಮನಾಗಲಿಲ್ಲ, ಬೇರೆ ಯಂತ್ರ ಕಟ್ಟಿದ. ನಮ್ಮ ಊರುಗಳಲ್ಲಿ ಕುಳಿತು ಜಗತ್ತಿಗೆಲ್ಲ ತಂತ್ರಾಂಶ ಬರೆಯುವ ನಾವು ಕನ್ನಡದ ಮಕ್ಕಳ ಹಾಡಿಗೆ ಇಂಥದ್ದೇನನ್ನು ಬರೆದಿದ್ದೇವೆ?

ಇನ್ನೊಂದು ಪ್ರಶ್ನೆ ಮುಸ್ಲಿಂ ಮನೆಗಳಿಗೆ ಸಂಬಂಧಿಸಿದ್ದು, ಅದನ್ನು ಮುಚ್ಚಿಡಬಾರದು. ಸಂಗೀತದ ಬಗ್ಗೆ ಉಲೆಮಾಗಳಲ್ಲಿ ಹಿಂದಿನಿಂದಲೂ ಒಮ್ಮತವಿಲ್ಲ. ಇಮಾಮ್ ಗಝ್ಝಾಲಿ ತಮ್ಮ ಇಹ್ಯಾದಲ್ಲಿ ಸಮಾದ ಕುರಿತೇ ಒಂದು ಭಾಗ ಬರೆದು, ಷರತ್ತುಗಳೊಂದಿಗೆ ಅದನ್ನು ಒಪ್ಪಿದರು. ಇಬ್ನ್ ತೈಮಿಯ್ಯ ಕಟುವಾಗಿ ವಿರೋಧಿಸಿದರು. ಈ ವಾದವನ್ನು ಶಾಲೆಯ ಮಗುವಿನ ತಲೆಯ ಮೇಲೆ ಹೊರಿಸುವುದು ಅನ್ಯಾಯ. ಸಂಗೀತದ ಅವಧಿ ಬಂದಾಗ ಮಗು ಮೂಲೆಯಲ್ಲಿ ಕೂರುವಂತಾಗಬಾರದು; ಮನೆಯವರ ನಂಬಿಕೆಯನ್ನು ಹಳೆಯ ಕಾಲದ್ದೆಂದು ಶಿಕ್ಷಕರು ಹೀಗಳೆಯಲೂಬಾರದು. ಧ್ವನಿಯೊಡನೆ ಕೆಲಸ ಮಾಡಲು ಎಲ್ಲರೂ ಒಪ್ಪುವ ಜಾಗ ಸಾಕಷ್ಟಿದೆ. ವಾದ್ಯವನ್ನು ಒಪ್ಪದ ಎಷ್ಟೋ ಮನೆಗಳಲ್ಲಿ ಮದುವೆಗೆ ದಫ್ ಬೇಕೇ ಬೇಕು. ಕರಾವಳಿಯ ಬ್ಯಾರಿಗಳ ದಫ್ ತಂಡಗಳ ಲಯವೈವಿಧ್ಯವನ್ನು ಯಾವ ಸಲಕರಣೆಯ ಸಿದ್ಧ ತಾಳವೂ ಮುಟ್ಟಲಾರದು. ಮಳೆ, ಮಗ್ಗ, ಸಂತೆ, ಕುಟ್ಟುವ ಒರಳು, ಮಕ್ಕಳ ಕಂಠ, ಅಂಗೈ ಚಪ್ಪಾಳೆ, ಇವುಗಳಿಂದ ಕಟ್ಟಿದ್ದನ್ನು ಯಾವ ಹೆಸರಿನಿಂದ ಕರೆಯಬೇಕೆಂದು ಆಮೇಲೆ ಚರ್ಚಿಸಬಹುದು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಚೌಕದಿಂದಲ್ಲ, ಕಿವಿಯಿಂದ. 2000ದಿಂದ ಉಚಿತವಾಗಿ ಸಿಗುತ್ತಿರುವ ಅಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶ ಸಾಮಾನ್ಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಮಕ್ಕಳು ಮನೆಯ ಒಂದು ದನಿಯನ್ನು ಮುದ್ರಿಸಿ ತರಲಿ, ಕತ್ತರಿಸಲಿ, ಒಂದರ ಮೇಲೊಂದು ಹೊಂದಿಸಲಿ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕೆಂದು ಜಗಳಾಡಲಿ. ಸಿದ್ಧ ತುಣುಕುಗಳನ್ನು ಪೋಣಿಸುವಾಗ ಮಗು ಬರೀ ಆಯ್ದುಕೊಳ್ಳುತ್ತದೆ. ತಾನು ತಂದ ದನಿಯ ಮುಂದೆ ತೀರ್ಮಾನಿಸಬೇಕಾಗುತ್ತದೆ. ಸೃಜನಶೀಲತೆ ಹುಟ್ಟುವುದು ಈ ತೀರ್ಮಾನದಲ್ಲಿ.

ದೊಡ್ಡ ಮಕ್ಕಳಿಗೆ ಸೋನಿಕ್ ಪೈ ಇದೆ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿದ್ದಾಗ ಸ್ಯಾಮ್ ಆರನ್ ಶಾಲೆಗಳಿಗೆಂದೇ 2012ರಲ್ಲಿ ಆರಂಭಿಸಿದ ಈ ತಂತ್ರಾಂಶದಲ್ಲಿ ಸ್ವರವನ್ನು ಸಂಖ್ಯೆಯಾಗಿ ಬರೆಯುತ್ತಾರೆ. 60 ಮತ್ತು 61 ಪಿಯಾನೋದ ಎರಡು ನೆರೆಯ ಸ್ವರಗಳಾದರೆ 60.5 ಎಂದು ಬರೆದು ನಡುವಿನದ್ದನ್ನೂ ನುಡಿಸಬಹುದು; ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸಲೂಬಹುದು. ದಶಮಾಂಶದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಅದರ ಆಜ್ಞೆಗಳೆಲ್ಲ ಇಂಗ್ಲಿಷಿನಲ್ಲಿವೆ ಎಂಬುದು ಕನ್ನಡ ಶಾಲೆಯ ಮಗುವಿಗೆ ತೊಡಕು. ಆ ತೊಡಕು ದಾಟಿಸಲು ಶಿಕ್ಷಕರು ಬೇಕು.

ಕೊನೆಗೂ ಮಾತು ಬಂದು ನಿಲ್ಲುವುದು ಶಿಕ್ಷಕರಲ್ಲಿಯೇ. ಉಚಿತ ತಂತ್ರಾಂಶವಿದೆ, ಇನ್ನು ಸಂಗೀತ ಶಿಕ್ಷಕರೇಕೆ ಎಂದು ಸರ್ಕಾರವೋ ಆಡಳಿತ ಮಂಡಳಿಯೋ ಕೇಳುವ ದಿನ ದೂರವಿಲ್ಲ. ಆಗ ಕೊಡಬೇಕಾದ ಉತ್ತರ ಸ್ಪಷ್ಟವಿರಲಿ. ಯಂತ್ರ ಮಗುವಿನ ಸ್ವರವನ್ನು ಹತ್ತಿರದ ಚೌಕಕ್ಕೆ ತಳ್ಳಿದಾಗ, ನೀನು ಹಾಡಿದ್ದು ತಪ್ಪಲ್ಲ, ಅದಕ್ಕೆ ಇಲ್ಲಿ ಚೌಕವಿಲ್ಲ ಅಷ್ಟೆ ಎಂದು ಹೇಳಲು ಒಬ್ಬ ಮನುಷ್ಯ ಅಲ್ಲಿರಬೇಕು.