ಸಿರಿಯ ಬಯಕೆಯ ಸೀರೆ

ತುಳುವಿನ ಸಿರಿಸಂಧಿಯನ್ನು ಸತಿಯೊಬ್ಬಳ ಸತ್ಯದ ಕಥೆಯೆಂದೋ ಸವತಿಮತ್ಸರದ ಕಥೆಯೆಂದೋ ಓದಿ ಮುಗಿಸುವುದು ಸುಲಭ. ಈ ಎರಡು ಓದುಗಳೂ ಕಾವ್ಯದ ಮರ್ಮವನ್ನು ಮುಟ್ಟಲಾರವೆಂಬುದು ನಮ್ಮ ಅಭಿಪ್ರಾಯ.

ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಪಾಠವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರ ನೆರವಿನಿಂದ ಸಂಗ್ರಹಿಸಿ, 1998ರಲ್ಲಿ ಪ್ರಕಟಿಸಿದರು. 15,683 ಸಾಲುಗಳ ಈ ಕಾವ್ಯದ ತಿರುವು ಒಂದು ಸೀರೆಯಲ್ಲಿದೆ. ಗರ್ಭಿಣಿಯಾದ ಸಿರಿಯ ಬಯಕೆಗೆಂದು ಗಂಡ ಕಾಂತು ಪೂಂಜನು ಸೀರೆ ಕೊಂಡು ಬರುವಾಗ ಸೂಳೆ ಸಿದ್ದುವಿನ ಮನೆಗೆ ಹೋಗುತ್ತಾನೆ. ಅವಳು ಉಟ್ಟು ಬಿಚ್ಚಿದ ಸೀರೆಯನ್ನೇ ಹೆಂಡತಿಗೆ ತರುತ್ತಾನೆ. ಸಿರಿ ಅದನ್ನು ಒಲ್ಲೆನೆನ್ನುತ್ತಾಳೆ. ಮುಂದೆ ದಾಂಪತ್ಯವನ್ನೇ ಕಡಿದುಕೊಳ್ಳುತ್ತಾಳೆ.

ಇಲ್ಲಿ ಪೆಟ್ಟಿಲ್ಲ, ರಕ್ತವಿಲ್ಲ. ಆದರೂ ಇದು ಹಿಂಸೆಯೇ. ಹೆಣ್ಣು ತವರಿನವರ, ನೆರೆಯವರ ಆದರಕ್ಕೆ ಪಾತ್ರಳಾಗಬೇಕಾದ ದಿನವನ್ನೇ ಗಂಡನು ಅವಮಾನದ ದಿನವನ್ನಾಗಿಸಿದ್ದಾನೆ. ಸಿರಿಯ ಕೋಪ ಸಿದ್ದುವಿನ ಮೇಲಿನದಾಗಿದ್ದರೆ ಮತ್ಸರವೆನ್ನಬಹುದಿತ್ತು. ಅವಳು ಬಿಡುವುದು ಗಂಡನನ್ನು.

ಸಿರಿಯ ಬಸಿರು ಅವಳಿಗೆ ಬೇಡವಾದುದಲ್ಲ, ನಿಜ. ಆದರೆ ಗಂಡನ ದೌರ್ಜನ್ಯಕ್ಕೂ ಬೇಡದ ಬಸಿರಿಗೂ ಬೇರು ಒಂದೇ: ಹೆಣ್ಣಿನ ಒಲ್ಲೆನೆಂಬ ಮಾತಿಗೆ ಬೆಲೆಯಿಲ್ಲದಿರುವುದು. ಸಂಗಾತಿಯ ಹಿಂಸೆಗೆ ಗುರಿಯಾದ ಸ್ತ್ರೀಯರಲ್ಲಿ ಗರ್ಭಪಾತದ ಸಂಭವವು ಇತರರಲ್ಲಿರುವುದಕ್ಕಿಂತ ಎರಡು ಪಟ್ಟೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ವರದಿ ಮಾಡಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತೆಯರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆಯನ್ನು ಹೇಳಿಕೊಂಡರು. ಗಂಡನ ಬಲಾತ್ಕಾರದಿಂದಾದ ಬಸಿರನ್ನೂ ಗರ್ಭಪಾತದ ಕಾಯಿದೆಯ ಮಟ್ಟಿಗೆ ಅತ್ಯಾಚಾರದ ಬಸಿರೆಂದೇ ಎಣಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. ನ್ಯಾಯಾಲಯವು ಈಚೆಗೆ ಕೇಳಿಸಿಕೊಂಡ ಈ ಒಲ್ಲೆಯನ್ನು ನಮ್ಮ ಪಾಡ್ದನ ಮೊದಲೇ ಹಾಡಿತ್ತು.

ಉಡುಪಿಯ ಬಳಿಯ ಹಿರಿಯಡ್ಕದಲ್ಲಿಯೂ ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿಯೂ ಸಿರಿಜಾತ್ರೆ ನಡೆಯುತ್ತದೆ. ಅಲ್ಲಿ ಮೈದುಂಬಿದ ಹೆಂಗಸರನ್ನು ಮಾತಿಗೆಳೆಯುವವನು ಕುಮಾರ. ಆ ಬಯಕೆಯ ಬಸಿರಿನಲ್ಲಿ ಹುಟ್ಟಿದ ಮಗನೇ ಅವನು. ತಾಯಿಗಾದ ಅವಮಾನವನ್ನು ಗರ್ಭದಲ್ಲಿದ್ದೇ ಕಂಡವನು ನೊಂದವರನ್ನು ಕೇಳುವವನಾಗಿರುವುದು ಈ ಸಂಪ್ರದಾಯದ ಅತ್ಯಂತ ಆಳವಾದ ಕಾಣ್ಕೆಯೆಂದು ನಾವು ತಿಳಿಯುತ್ತೇವೆ. ಅದರ ಮಿತಿಯನ್ನೂ ಮರೆಯಬಾರದು. ರಾತ್ರಿ ಬಾಯಿ ಬಿಟ್ಟ ಹೆಂಗಸು ಬೆಳಗಾದರೆ ಅದೇ ಮನೆಗೆ ಮರಳುತ್ತಾಳೆ. ಸಿರಿಯಂತೆ ಬಿಟ್ಟು ನಡೆಯುವ ದಾರಿ ಎಲ್ಲರಿಗೂ ಇಲ್ಲ.

ಆದುದರಿಂದ ಈ ಕಾವ್ಯ ಸಾಹಿತ್ಯದ ತರಗತಿಗಳಿಗೆ ಮಾತ್ರ ಮೀಸಲಾಗಿರಬಾರದು. ಮಣಿಪಾಲದ ವೈದ್ಯವಿದ್ಯಾರ್ಥಿಗಳೂ ಕಾಪು, ಕಾರ್ಕಳಗಳ ಆರೋಗ್ಯ ಕಾರ್ಯಕರ್ತೆಯರೂ ಓದಬೇಕಾದುದಿದು. ಬಸುರಿಯ ರಕ್ತದೊತ್ತಡವನ್ನು ನೋಡುವವರು ಮನೆಯಲ್ಲಿ ಹೇಗಿದ್ದೀಯಮ್ಮ ಎಂದು ಏಕಾಂತದಲ್ಲಿ ಕೇಳಿದರೆ, ಕುಮಾರನ ಕೆಲಸವನ್ನು ಹಗಲಿನಲ್ಲಿ ಮಾಡಿದಂತಾಗುತ್ತದೆ.