ಸದಾರಮೆಯ ಕಳ್ಳ

ನಗಿಸುವವನು ನಾಟಕವನ್ನು ಬೆಳೆಸುವನೋ ಕದಿಯುವನೋ ಎಂಬ ಪ್ರಶ್ನೆಯು ಗುಬ್ಬಿ ಕಂಪೆನಿಯ ‘ಸದಾರಮೆ’ಯ ಮಟ್ಟಿಗಾದರೂ ವಿಚಾರಣೀಯವಾದುದು. 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಊರಿಂದೂರಿಗೆ ಸಂಚರಿಸಿ, ಟಿಕೆಟ್ಟಿನ ಹಣವನ್ನೇ ನಂಬಿ ಬಾಳಿದ ಮಂಡಲಿ. ಗುಬ್ಬಿಯವರಿಗಿರುವಂತೆ ಕುಣಿಗಲ್ ಸೀಮೆಯವರಿಗೂ ಅದು ನಮ್ಮ ಜಿಲ್ಲೆಯದೆಂಬ ಅಭಿಮಾನವುಂಟು. ಇಂತಹ ಮಂಡಲಿಗೆ ಪಂಡಿತರ ಮೆಚ್ಚುಗೆಯೊಂದೇ ಸಾಲದು. ನೆಲದ ಮೇಲೆ ಕುಳಿತವನೂ ನಗಬೇಕು. ಹಾಗೆ ನಗಿಸಿದವರು ಗುಬ್ಬಿ ವೀರಣ್ಣನವರು.

ಕಥೆಯೇನೋ ಸದಾರಮೆಯದು. ರಾಜಕುಮಾರನ ಕೈಹಿಡಿದ ವರ್ತಕರ ಮಗಳು ಕಷ್ಟಕ್ಕೆ ಸಿಕ್ಕಿ, ಕಳ್ಳನ ಕೈಗೂ ಬಿದ್ದು, ತನ್ನ ಬುದ್ಧಿಯಿಂದಲೇ ಪಾರಾಗಿ, ಗಂಡುವೇಷವನ್ನು ಧರಿಸಿ ಪತಿಯನ್ನು ಮರಳಿ ಪಡೆಯುವಳು. ಬಲಾತ್ಕಾರಕ್ಕೆ ಚಾತುರ್ಯವೇ ಉತ್ತರವೆಂಬುದು ಈ ಕಥೆಯ ಜೀವಾಳ. ಕಳ್ಳನು ನಡುವೆ ಬಂದುಹೋಗುವ ಪಾತ್ರ. ಆದರೆ ವೀರಣ್ಣನವರು ಆ ವೇಷವನ್ನು ಧರಿಸಿದ ಮೇಲೆ ಜನರು ಕಳ್ಳನನ್ನು ನೋಡಲೆಂದೇ ಬಂದರು. ಇದನ್ನು ನಾಟಕದ ದೋಷವೆಂದು ಎಣಿಸುವುದು ಸುಲಭ, ಪೂರ್ತಿ ನ್ಯಾಯವಲ್ಲ. ಕಳ್ಳನು ಬರಿಯ ಕ್ರೂರನಾಗಿದ್ದರೆ ಸದಾರಮೆಯು ಕೇವಲ ದಯನೀಯಳಾಗುತ್ತಿದ್ದಳು. ತನ್ನ ಜಾಣತನದಲ್ಲಿ ಬೀಗುವ ಕಳ್ಳನಾದುದರಿಂದಲೇ ಅವಳ ಜಾಣತನವು ಅವನ ಮೇಲೆ ಗೆದ್ದಾಗ ಸಭೆಯು ಅವಳ ಪಕ್ಷಕ್ಕೆ ಬರುವುದು. ಇಬ್ಬರ ಸೆಣಸು ಸಮಬಲದ್ದಾಗಿರುವವರೆಗೆ ನಗೆಯು ಕಥೆಯ ಸೇವೆಯಲ್ಲಿರುವುದು. ಚಪ್ಪಾಳೆಗಾಗಿ ಕಳ್ಳನ ಮಾತು ಬೆಳೆದಷ್ಟೂ ನಾಯಿಕೆಯು ಮೂಲೆಗೆ ಸರಿಯುವಳು. ಕಂಪೆನಿ ನಾಟಕಗಳ ನಿಜವಾದ ವ್ಯಾಧಿ ಇದೇ.

ಹಾಲಿವುಡ್ಡಿನಲ್ಲಿ 1948ರಲ್ಲಿ ತೆರೆಕಂಡ ‘ದಿ ಪೈರೇಟ್’ ಎಂಬ ಸಂಗೀತಮಯ ಹಾಸ್ಯಚಿತ್ರವನ್ನು ಇಲ್ಲಿ ನೆನೆಯಬಹುದು. ನಿರ್ದೇಶನ ವಿನ್ಸೆಂಟ್ ಮಿನೆಲ್ಲಿಯದು. ಗೀತೆಗಳು ಕೋಲ್ ಪೋರ್ಟರನವು. ಅಲ್ಲಿಯೂ ಊರೂರು ತಿರುಗುವ ಮಂಡಲಿ, ಅಲ್ಲಿಯೂ ಕಳ್ಳವೇಷ. ಜೀನ್ ಕೆಲಿಯು ವಹಿಸಿದ ನಟನು ಕಡಲುಗಳ್ಳನೆಂದು ನಟಿಸಿ ನಾಯಿಕೆಯ ಮನಸ್ಸನ್ನು ಒಲಿಸಲೆಳಸುವನು. ನಿಜವಾದ ಕಡಲುಗಳ್ಳನು ಊರಿನ ದೊಡ್ಡ ಮನುಷ್ಯನಾಗಿ ಅವಳನ್ನು ವರಿಸಲು ಕಾದಿರುವನು. ಜೂಡಿ ಗಾರ್ಲಂಡಳ ನಾಯಿಕೆಯು ಕಡೆಗೆ ಮಂಡಲಿಯನ್ನೇ ಸೇರಿ ವಿದೂಷಕವೇಷದಲ್ಲಿ ಹಾಡುವಳು. ಹಣದ ದೃಷ್ಟಿಯಿಂದ ಚಿತ್ರವು ಸೋತಿತು. ಆದರೂ ನಾಯಿಕೆಯನ್ನು ನಗೆಗೆ ಪಾತ್ರಳನ್ನಾಗಿಸದೆ ನಗೆಯ ಪಾಲುಗಾರ್ತಿಯನ್ನಾಗಿ ಮಾಡಿದ ವಿವೇಕವು ಅದರಲ್ಲಿದೆ.

ಗುಬ್ಬಿ ಕಂಪೆನಿಯು 1934ರ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ಆನೆ ಕುದುರೆಗಳನ್ನೇ ತಂದಿತು. (ಆನೆಯನ್ನು ನೋಡಬಂದವರು ಭೀಷ್ಮನ ಮಾತನ್ನು ಕೇಳಿದರೋ ಇಲ್ಲವೋ ಬಲ್ಲವರಾರು?) ಆ ವೈಭವವು ಹಣವಿದ್ದವರಿಗೆಲ್ಲ ಸಾಧ್ಯ. ಬರಿಗೈಯಲ್ಲಿ ನಿಂತು ಸಭೆಯನ್ನು ನಗಿಸಿದ ಕಳ್ಳನು ಹಾಗಲ್ಲ. ಕೆಲಿಯ ಕುಣಿತವು ಫಿಲ್ಮಿನಲ್ಲಿ ಉಳಿದಿದೆ. ವೀರಣ್ಣನವರ ರಂಗದ ಕಳ್ಳನು 1972ರಲ್ಲಿ ಅವರೊಡನೆಯೇ ಹೋದನು. ಮುಂದೆ ಅವರ ಮೊಮ್ಮಗಳು ಬಿ. ಜಯಶ್ರೀಯವರು ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದಾಗ ಆ ಕಳ್ಳನ ವೇಷವನ್ನು ತಾವೇ ಧರಿಸಿದರು. ಕಥೆಯೊಳಗೆ ಸದಾರಮೆಗೆ ಗಂಡುವೇಷ, ರಂಗದ ಮೇಲೆ ನಟಿಗೆ ಕಳ್ಳವೇಷ: ಹೆಣ್ಣಿನ ಚಾತುರ್ಯವು ಈ ಸಲ ಎರಡು ಕಡೆಯಿಂದಲೂ ಆಡಿತು.